ಯಾರೂ ಹೋಗದ ಜಾಗದ ರಾಯರು

"ಆಗಸ್ಟ್‌ನಲ್ಲಿ ಮಸಾಯಿ ಮಾರಾಗೆ ಹೊರಟಿದ್ದೀವಿ" ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ರಾಯರ ಮುಖದಲ್ಲಿ ಮರುಕ ಮೂಡುತ್ತದೆ. ಮಗ ಗ್ರೇಸ್ ಮಾರ್ಕಿನಲ್ಲಿ ಪಾಸಾದ ಅಪ್ಪನ ಬೆನ್ನು ತಟ್ಟುವ ಹಾಗೆ ಬೆನ್ನು ತಟ್ಟಿ, "ಹೋಗ್ಬನ್ನಿ, ಹೋಗ್ಬನ್ನಿ. ಮೊದಲ ಸಲ ಎಲ್ಲರೂ ಅಲ್ಲಿಗೇ ಹೋಗೋದು" ಎನ್ನುತ್ತಾರೆ. ಟಿಕೆಟ್ ಮಾಡಿಸಿದವನ ಉತ್ಸಾಹ ಅಲ್ಲಿಗೆ ಅರ್ಧ ಇಳಿಯುತ್ತದೆ. ಉಳಿದರ್ಧ ಇಳಿಸುವುದಕ್ಕೆ ರಾಯರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ನೀವು ಇವರನ್ನು ನೋಡಿರುತ್ತೀರಿ. ಮೈತುಂಬ ಜೇಬಿರುವ ಪಾಚಿ ಬಣ್ಣದ ಜಾಕೆಟ್, ಗಲ್ಲದವರೆಗೂ ದಾರ ಇಳಿಬಿದ್ದ ಟೋಪಿ, ಮಡಿಲಲ್ಲಿ ಮೊಮ್ಮಗನಿಗಿಂತ ಜೋಪಾನವಾಗಿ ಹಿಡಿದ ಲೆನ್ಸು. ಕಬಿನಿಯಲ್ಲಿ ಒಂದು ಹುಲಿಯ ಸುತ್ತ ಕ್ಯಾಂಟರು, ಜೀಪುಗಳು ಮುತ್ತಿಕೊಂಡಾಗ "ಇದೂ ಒಂದು ಕಾಡಾ?" ಅಂತ ಗೊಣಗುತ್ತ ಕೂತವರು ಇವರೇ. ನಿವೃತ್ತಿಯ ದುಡ್ಡು ಕೈಗೆ ಬಂದ ಮೇಲೆ ಆ ಗೊಣಗಾಟ ಆಫ್ರಿಕಾ ಖಂಡಕ್ಕೆ ವಿಸ್ತರಿಸಿತು.

ಸತ್ಯ ಏನೆಂದರೆ ರಾಯರೂ ಮೊದಲು ಹೋಗಿದ್ದು ಮಾರಾಗೇ. ಆದರೆ ಅದರ ಸುದ್ದಿ ಎತ್ತಿದರೆ ಹರೆಯದಲ್ಲಿ ಸೇದಿದ ಬೀಡಿಯ ಮಾತು ಬಂದಂತೆ ಮುಜುಗರಪಡುತ್ತಾರೆ. ಜುಲೈಯಿಂದ ಅಕ್ಟೋಬರ್‌ವರೆಗೆ ಸೆರೆಂಗೆಟಿಯ ಕಡೆಯಿಂದ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಜೀಬ್ರಾಗಳು ಹುಲ್ಲು ಹುಡುಕಿ ಬರುತ್ತವಲ್ಲ, ಮಾರಾ ನದಿ ದಾಟುತ್ತವಲ್ಲ, ಅದನ್ನು ನೋಡಲು ಹೋಗಿದ್ದರು. ದಂಡೆಯ ಮೇಲೆ ಸಾಲುಸಾಲು ಲ್ಯಾಂಡ್ ಕ್ರೂಸರ್. ಒಂದು ವೈಲ್ಡ್‌ಬೀಸ್ಟ್ ನೀರಿನ ತನಕ ಬರುತ್ತದೆ, ಮೂಸುತ್ತದೆ, ಏನೋ ಮರೆತಂತೆ ಹಿಂದಕ್ಕೆ ಹೋಗುತ್ತದೆ. ಅದರ ಹಿಂದಿದ್ದ ಸಾವಿರವೂ ಹಿಂದಕ್ಕೆ. ಹೀಗೆ ಊಟದ ಹೊತ್ತು ಕಳೆಯಿತು. ಕೊನೆಗೆ ಧೂಳೆಬ್ಬಿಸಿ ಅವು ದುಮುಕಿದಾಗ ರಾಯರ ಮುಂದೆ ಎದ್ದು ನಿಂತದ್ದು ಬೇರೆ ಗಾಡಿಯೊಂದರಲ್ಲಿದ್ದ, ಮೀಟರು ಉದ್ದದ ಟೋಪಿಯ ಮಹಿಳೆ. ಅವತ್ತಿನಿಂದ ರಾಯರು ಪ್ರಾಣಿ ಲೆಕ್ಕ ಬಿಟ್ಟರು, ಗಾಡಿ ಲೆಕ್ಕ ಹಿಡಿದರು. "ಒಂದು ಚಿರತೆ, ಮೂವತ್ತೆಂಟು ಗಾಡಿ!" ಒಂದು ಸಿಂಹದ ಹತ್ತಿರ ಒಮ್ಮೆಗೆ ಐದೇ ಗಾಡಿ ಎಂಬ ನಿಯಮ ಇದೆಯಲ್ಲ ಸಾರ್ ಅಂದರೆ, "ನಿಯಮ ಸಿಂಹಕ್ಕೆ ಗೊತ್ತು, ಡ್ರೈವರ್‌ಗೆ ಗೊತ್ತಿಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ.

ರಾಯರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹುರುಳಿಲ್ಲ ಅಂದುಬಿಟ್ಟರೆ ಅನ್ಯಾಯ. 2025ರಲ್ಲಿ ಸೆರೆಂಗೆಟಿ ಕಡೆಯ ದಂಡೆಯಲ್ಲಿ ಜನ ಗಾಡಿ ಇಳಿದು ಸಾಲುಗಟ್ಟಿ ನಿಂತು, ದಾಟಬೇಕಾದ ಪ್ರಾಣಿಗಳ ದಾರಿಗೇ ಅಡ್ಡವಾದ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ರಾಯರು ಅದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿದರು. ಮಾರಾ ನೋಡಲು ಇಷ್ಟೊಂದು ನೂಕುನುಗ್ಗಲಿನ ತಿಂಗಳಲ್ಲಿ ವಿದೇಶಿಯರು ದಿನಕ್ಕೆ ತಲೆಗೆ 200 ಡಾಲರ್ ಕಟ್ಟಬೇಕು, ಉಳಿದ ತಿಂಗಳಲ್ಲಿ ಅದರ ಅರ್ಧ. ದುಬಾರಿ ಇದ್ದಾಗಲೇ ಜನ ಜಾಸ್ತಿ ಎಂಬುದು ಮಾರಾದ ವಿಚಿತ್ರ, ಮದುವೆ ಛತ್ರಗಳದ್ದೂ ಹೌದು.

ಆದರೆ ರಾಯರ ಪರಿಹಾರ ಎಂಥದ್ದು ನೋಡಿ. ಕ್ರೂಗರ್? "ಟಾರು ರಸ್ತೆ ರೀ. ಒಳಗೆ ಗಾಲ್ಫ್ ಮೈದಾನ ಬೇರೆ. ಸಿಗ್ನಲ್ ಒಂದು ಬಾಕಿ." ಗೊರೊಂಗೊರೊ? "ಆರುನೂರು ಮೀಟರ್ ಆಳದ ಬಟ್ಟಲು. ಪ್ರಾಣಿ ಓಡಿಹೋಗೋಕೆ ಜಾಗ ಇಲ್ಲ, ನೀವೂ ಹೋಗೋಕಾಗಲ್ಲ." ಬೋಟ್ಸ್ವಾನಾದ ಒಕವಾಂಗೊ ಡೆಲ್ಟಾದ ಕಡೆ ಮಾತ್ರ ಒಂದು ಕಾಲಕ್ಕೆ ಒಲವಿತ್ತಂತೆ. ಅಲ್ಲಿಯ ಸರ್ಕಾರವೇ ಕಡಿಮೆ ಜನ, ಜಾಸ್ತಿ ದುಡ್ಡು ಎಂಬ ನೀತಿ ಹಿಡಿದಿದೆ. 2014ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಅದನ್ನು ಸಾವಿರನೆಯ ತಾಣವಾಗಿ ಸೇರಿಸಿತು. "ಅಲ್ಲಿಗೆ ಮುಗೀತು" ಎನ್ನುತ್ತಾರೆ ರಾಯರು.

ಹೀಗೆ ಸೋಸಿ ಸೋಸಿ ಅವರು ಹೋಗಿದ್ದು ಪಶ್ಚಿಮ ತಾಂಜಾನಿಯಾದ ಕಟಾವಿಗೆ. ನಾಲ್ಕು ಸಾವಿರ ಚದರ ಕಿಲೋಮೀಟರ್‌ಗೂ ದೊಡ್ಡ ಕಾಡು, ಒಂದು ಕೈಬೆರಳಲ್ಲಿ ಎಣಿಸುವಷ್ಟು ಕ್ಯಾಂಪು. ವಾರಕ್ಕೆ ಎರಡೋ ಮೂರೋ ದಿನ ಬರುವ ಪುಟ್ಟ ವಿಮಾನ. ತಲೆಗೆ ಹದಿನೈದು ಕಿಲೋ ಸಾಮಾನು, ಅದೂ ಬಟ್ಟೆ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಆ ಹೊಟ್ಟೆಯೊಳಗೆ ತೂರುವುದಿಲ್ಲ. ಲೆನ್ಸು, ಕ್ಯಾಮೆರಾ, ಅದರ ಕಾಲುಗಳು ಎಲ್ಲ ಸೇರಿ ರಾಯರ ಪಾಲು ಮುಗಿಯಿತು. ಬಟ್ಟೆಗಳು ಶ್ರೀಮತಿಯವರ ಚೀಲಕ್ಕೆ ಬಂದವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಗಾಳು ನೈರೋಬಿಯ ಹೋಟೆಲಿನಲ್ಲೇ ಉಳಿದವು. ನೈರೋಬಿಯಲ್ಲಿ ಅದರ ಅಗತ್ಯವೇ ಇರಲಿಲ್ಲ. ನೂರು ವರ್ಷಕ್ಕೂ ಹಿಂದೆ ಬಂದು ನೆಲೆಸಿದ ಗುಜರಾತಿಗಳ ದಯೆಯಿಂದ ಅಲ್ಲಿ ಥಾಲಿ ಸಿಗುತ್ತದೆ, ಚಪಾತಿಯಂತೂ ಕೆನ್ಯಾದವರದೇ ಊಟ. ಬೇಕಾಗಿದ್ದುದು ಕಟಾವಿಯಲ್ಲಿ. ಅಲ್ಲಿಯ ಅಡುಗೆಯವನು ಸಸ್ಯಾಹಾರಿಗಳಿಗೆಂದು ಒಂದು ರಾತ್ರಿ ಪಾಸ್ತಾ ಮಾಡಿದ. ಮರುದಿನ "ಚೆನ್ನಾಗಿತ್ತಾ?" ಅಂತ ಕೇಳಿದ. ರಾಯರು ಮರ್ಯಾದೆಗೆ ಚೆನ್ನಾಗಿತ್ತು ಅಂದರು. ಆಮೇಲೆ ದಿನಾ ಪಾಸ್ತಾ.

ಕಟಾವಿಯಲ್ಲಿ ಏನೂ ಇಲ್ಲ ಅಂತಲ್ಲ. ಬೇಸಿಗೆಯ ಕೊನೆಗೆ ಕಟುಮಾ ನದಿ ಒಣಗುತ್ತ ಒಣಗುತ್ತ ಕೆಸರಿನ ಹೊಂಡಗಳಾಗುತ್ತದೆ. ಆ ಹೊಂಡಗಳಲ್ಲಿ ನೂರಾರು ನೀರುಕುದುರೆಗಳು ಒಂದರ ಮೇಲೊಂದು ಬಿದ್ದುಕೊಂಡು, ಉಸಿರುಗರೆಯುತ್ತ, ಕಾದಾಡುತ್ತ ಮಳೆಗೆ ಕಾಯುತ್ತವೆ. ಅಂಥ ನೋಟ ಭೂಮಿಯಲ್ಲಿ ಹೆಚ್ಚು ಕಡೆ ಇಲ್ಲ. ಜನಸಂದಣಿ ತಪ್ಪಿಸಿಕೊಳ್ಳಲು ಖಂಡ ದಾಟಿ ಬಂದ ರಾಯರು ಒಂದಿಡೀ ಬೆಳಗ್ಗೆ ನೋಡಿದ್ದು ಈ ಸಂದಣಿಯನ್ನೇ. ಅದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

ಅವರನ್ನು ಗಮನಿಸಿದವರು ತ್ಸೆತ್ಸೆ ನೊಣಗಳು. ಈ ನೊಣಕ್ಕೆ ಕಡುನೀಲಿ, ಕಪ್ಪು ಎಂದರೆ ಪ್ರಾಣ. ಅದನ್ನು ಹಿಡಿಯಲು ಕಾಡಿನಲ್ಲಿ ಕಟ್ಟುವ ಬಲೆಯೂ ಅದೇ ಬಣ್ಣದ ಬಟ್ಟೆಯದು. ರಾಯರು ಹೊಸದಾಗಿ ಕೊಂಡ ಕಡುನೀಲಿ ಟೀಶರ್ಟು ತೊಟ್ಟಿದ್ದರು. ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಹೊಡೆದರೆ ಸಾಯುವುದಿಲ್ಲ, ಸೊಳ್ಳೆಗೆ ಹಚ್ಚುವ ಮುಲಾಮಿಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಗೈಡ್ ಎರಡು ಸಲ ಬಣ್ಣದ ವಿಷಯ ಹೇಳಲು ನೋಡಿದನಂತೆ. ರಾಯರು ಅವನಿಗೆ ಕಬಿನಿಯ ವಿಷಯ ಹೇಳುತ್ತಿದ್ದರು.

ರಾತ್ರಿ ಡೇರೆಗೆ ಒಬ್ಬರೇ ಹೋಗುವಂತಿಲ್ಲ, ಬೇಲಿ ಇಲ್ಲ. ಕಾವಲಿನವನು ಟಾರ್ಚು ಹಿಡಿದು ಬಿಟ್ಟುಬರುತ್ತಾನೆ. ಬಟ್ಟೆಯ ಗೋಡೆಯಾಚೆ ಏನೋ ಪರಪರ ಹುಲ್ಲು ಹರಿದು ತಿನ್ನುವ ಸದ್ದು. ಟನ್ನುಗಟ್ಟಲೆ ತೂಕದ್ದು. ಕತ್ತಲಲ್ಲಿ ಶ್ರೀಮತಿಯವರು ಮೆಲ್ಲಗೆ ಕೇಳಿದರಂತೆ: "ಅಲ್ಲಾ ಅಂದ್ರೆ, ಇಲ್ಲಿಗೆ ಯಾಕೆ ಯಾರೂ ಬರಲ್ಲ ಅಂತ ಒಂದ್ಸಲವಾದ್ರೂ ವಿಚಾರಿಸಿದ್ರಾ?"

ಇನ್ನು ಫೋಟೊಗಳು. ರಾಯರ ಮನೆಯ ಹಾಲಿನಲ್ಲಿ ಕಟ್ಟು ಹಾಕಿಸಿದವು ಮೂರು: ಕಣ್ಣಲ್ಲಿ ಕಣ್ಣಿಟ್ಟ ಸಿಂಹ, ಹುತ್ತದ ಮೇಲೆ ನಿಂತ ಚೀತಾ, ಮರಿಗಳಿಗೆ ಹಾಲೂಡುತ್ತಿರುವ ಸಿಂಹಿಣಿ. ಮೂರೂ ಮಾರಾದವು. ಅಲ್ಲಿಯ ಸಿಂಹ ಹುಟ್ಟಿದಾಗಿನಿಂದ ಗಾಡಿ ನೋಡಿಕೊಂಡೇ ಬೆಳೆದದ್ದು, ಬಿಸಿಲಾದರೆ ಗಾಡಿಯ ನೆರಳಿಗೇ ಬಂದು ಮಲಗುತ್ತದೆ. ಗಾಡಿ ಅಪರೂಪವಾದ ಕಡೆ ಪ್ರಾಣಿಗೆ ಮನುಷ್ಯನೂ ಅಪರೂಪ, ಕಂಡ ಕೂಡಲೇ ಬೆನ್ನು ತಿರುಗಿಸುತ್ತದೆ. ರಾಯರ ಕಟಾವಿ ಆಲ್ಬಮ್ ನಾನು ನೋಡಿದ್ದೇನೆ. ಆಫ್ರಿಕಾದ ಸಸ್ತನಿಗಳನ್ನು ಹಿಂಭಾಗದಿಂದ ಗುರುತಿಸುವವರಿಗೆ ಅದು ಅಮೂಲ್ಯ.

ಮೊದಲ ಸಲ ಹೋಗುವವರಿಗೆ ನಾನಂತೂ ಮಾರಾ, ಸೆರೆಂಗೆಟಿ ಎಂದೇ ಹೇಳುತ್ತೇನೆ, ರಾಯರು ಪಕ್ಕದಲ್ಲಿಲ್ಲದಾಗ. ಜಂಗುಳಿ ಬೇಡವೆಂದರೆ ತಿಂಗಳು ಬದಲಿಸಿದರೂ ಆಯಿತು. ಇಲ್ಲವೇ ಮಾರಾದ ಅಂಚಿನಲ್ಲಿ ಮಸಾಯಿ ಕುಟುಂಬಗಳೇ ತಮ್ಮ ಹುಲ್ಲುಗಾವಲನ್ನು ಬಾಡಿಗೆಗೆ ಕೊಟ್ಟು ಮಾಡಿರುವ ಕನ್ಸರ್ವೆನ್ಸಿಗಳಿವೆ. ಮಾರಾ ನಾರ್ತ್, ನಬೊಯಿಶೊ, ಒಲಾರೆ ಮೊಟೊರೊಗಿ. ಹಾಸಿಗೆ ಇಷ್ಟೇ ಎಂಬ ಮಿತಿಯಿದೆ, ಗಾಡಿ ಕಡಿಮೆ, ನಡೆದು ನೋಡಬಹುದು, ರಾತ್ರಿಯೂ ಸುತ್ತಬಹುದು. ಬೇಲಿಯಿಲ್ಲದ ಕಾರಣ ಸಿಂಹಗಳು ಅವೇ. ಇದನ್ನು ಒಮ್ಮೆ ರಾಯರ ಮುಂದಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೂ ಮಾರಾ ಪಕ್ಕದಲ್ಲೇ ಅಲ್ವೇನ್ರೀ?" ಅಂದರು. ಅವರಿಗೆ ಜನ ಇಲ್ಲದ ಜಾಗ ಬೇಕಾಗಿಲ್ಲ, ಹೆಸರು ಹೇಳಿದರೆ ಎದುರಿಗಿದ್ದವರು "ಎಲ್ಲಿ ಬರುತ್ತೆ ಸಾರ್ ಅದು?" ಅನ್ನಬೇಕು.

ಅವರಿಗೆ ಹೇಳದೆ ಬಿಟ್ಟ ಸಂಗತಿ ಇನ್ನೊಂದಿದೆ. ತಾಂಜಾನಿಯಾದಲ್ಲಿ ಕಿಲಿಮಂಜಾರೊ, ಸೆರೆಂಗೆಟಿಯಂಥ ನಾಲ್ಕಾರು ಉದ್ಯಾನಗಳು ಗಳಿಸುತ್ತವೆ, ಉಳಿದವು ಅವುಗಳ ಗಳಿಕೆಯಲ್ಲಿ ಉಣ್ಣುತ್ತವೆ. ಕಟಾವಿಯಲ್ಲಿ ಬಂದೂಕು ಹಿಡಿದು ನಿಂತ ರೇಂಜರನ ಸಂಬಳದಲ್ಲಿ, ನದಿದಂಡೆಯ ಆ ಉದ್ದ ಟೋಪಿಯವರಂಥವರ ಟಿಕೆಟ್ ದುಡ್ಡೂ ಸೇರಿದೆ.

ಈಗ ರಾಯರ ಕಣ್ಣು ಚಾಡ್ ದೇಶದ ಜಕೂಮಾ ಮೇಲೆ. 2002ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆನೆಗಳಿದ್ದ ಉದ್ಯಾನ. ದಂತಚೋರರು ಕುದುರೆ ಏರಿ ಬಂದು ಕೊಂದು ಕೊಂದು 2010ರ ಹೊತ್ತಿಗೆ ಸುಮಾರು 450 ಉಳಿದಿದ್ದವು. ಆ ವರ್ಷ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ನಿರ್ವಹಣೆ ವಹಿಸಿಕೊಂಡ ಮೇಲೆ ಬೇಟೆ ಹೆಚ್ಚುಕಡಿಮೆ ನಿಂತು, ಮರಿಗಳು ಮತ್ತೆ ಕಾಣತೊಡಗಿದವು. ಹೋಗಿ ನೋಡಬೇಕಾದ ಜಾಗವೇ, ಅದರಲ್ಲಿ ಎರಡು ಮಾತಿಲ್ಲ. ಅಡಿಸ್ ಅಬಾಬಾ ಮೂಲಕ ರಾಜಧಾನಿ ಎನ್‌ಜಮೆನಾ ತಲುಪಬೇಕು, ಅಲ್ಲಿಂದ ಬಾಡಿಗೆ ವಿಮಾನ. ಆ ವಿಮಾನದ ಬಾಡಿಗೆ ಕೇಳಿ ರಾಯರು ಒಂದು ದಿನ ಊಟ ಬಿಟ್ಟರಂತೆ. ಸೀಟು ಪೂರ್ತಿ ತುಂಬಿದರೆ ಮಾತ್ರ ತಲೆಗೆ ತಡೆದುಕೊಳ್ಳುವ ಮೊತ್ತ ಬರುತ್ತದೆ.

ಹಾಗಾಗಿ ರಾಯರು ಜನ ಹುಡುಕುತ್ತಿದ್ದಾರೆ. ವಾಕಿಂಗ್ ಗೆಳೆಯರು, ಹಳೇ ಸಹೋದ್ಯೋಗಿಗಳು, ಬೀಗರು, ಬೀಗರ ಅಪಾರ್ಟ್‌ಮೆಂಟಿನವರು ಎಲ್ಲರನ್ನೂ ಸೇರಿಸಿ 'ಜಕೂಮಾ: ಯಾರೂ ಹೋಗದ ಜಾಗ' ಎಂಬ ವಾಟ್ಸ್ಯಾಪ್ ಗುಂಪು ಮಾಡಿದ್ದಾರೆ. ಸದಸ್ಯರು ಅರವತ್ತನಾಲ್ಕು. "ಸಿಂಹ ಕಾಣುತ್ತಾ ಸಾರ್?" ಎಂದು ದಿನಕ್ಕೊಬ್ಬರು ಕೇಳುತ್ತಾರೆ. ಮೊನ್ನೆ ರಾಯರು ಸಹನೆ ಕಳೆದುಕೊಂಡು ಒಂದು ಸಿಂಹದ ಫೋಟೊ ಹಾಕಿಯೇಬಿಟ್ಟರು. ಹಾಲಿನಲ್ಲಿರುವುದೇ, ಅಂಚು ಕತ್ತರಿಸಿದ್ದರು. ಬೀಗರ ಅಪಾರ್ಟ್‌ಮೆಂಟಿನವರೊಬ್ಬರು ಅದನ್ನು ಹಿಗ್ಗಿಸಿ ನೋಡಿ ಕೇಳಿದರು:

"ಬಲಗಡೆ ಮೂಲೇಲಿ ಕಾಣ್ತಿರೋದು ಟೈರಾ ಸಾರ್?"

ರಾಯರ ಉತ್ತರ ತಕ್ಷಣ ಬಂತು: "ಇನ್ನು ನಾಲ್ಕೇ ಸೀಟು ಬಾಕಿ. ಮುಂಗಡ ಕಟ್ಟುವವರು ಬೇಗ ತಿಳಿಸಿ."