ಬೆರ್ಚಪ್ಪನ ಅಂಗಿ

ಅಕ್ಟೋಬರ್ 31ಕ್ಕೆ ಅಮೆರಿಕದಲ್ಲಿ ದೆವ್ವಗಳ ಹಬ್ಬ. ಹಳೇ ಬಟ್ಟೆಯಲ್ಲಿ ಭೂತ ಹೊಲಿದು ಬಾಗಿಲಿಗೆ ಕಟ್ಟುತ್ತಾರಂತೆ. ವಿಡಿಯೋ ಕಾಲಿನಲ್ಲಿ ಮೊಮ್ಮಗಳು, "ತಾತ, ಹುಲಿಕೆರೇಲಿ ಹ್ಯಾಲೋವೀನ್ ಇಲ್ವಾ?" ಎಂದಳು. "ಯಾಕಿಲ್ಲ?" ಎಂದು ಫೋನನ್ನು ಮುಸುಕಿನ ಜೋಳದ ಹೊಲದತ್ತ ತಿರುಗಿಸಿದೆ. ಅಲ್ಲಿ ನಿಂತಿದ್ದ ನಮ್ಮ ಬೆರ್ಚಪ್ಪ. ಒಡಕು ಮಡಕೆಯ ತಲೆ, ಸುಣ್ಣದ ಕಣ್ಣು, ಹೊಟ್ಟೆ ತುಂಬ ರಾಗಿಹುಲ್ಲು, ಮೈಮೇಲೆ ನನ್ನ ನೀಲಿ ಗೀಟಿನ ಅಂಗಿ!

ಅದಕ್ಕಾಗಿ ಬೀರುವನ್ನೆಲ್ಲ ಜಾಲಾಡಿದ್ದೆ. ಕೇಳಿದರೆ ನಮ್ಮವಳು, "ನಿಮಗೆ ಗುಂಡಿ ಹಾಕೋಕೇ ಆಗ್ತಿರ್ಲಿಲ್ಲ, ಅವನಿಗೆ ನೋಡಿ ಹೇಗೆ ಒಪ್ಪುತ್ತೆ" ಅಂದಳು. ಒಪ್ಪುವುದೇನೋ ನಿಜ. ಗಿಳಿಗಳು ಮಾತ್ರ ಅವನ ಹೆಗಲ ಮೇಲೇ ಕೂತು ಕಾಳು ಬಿಡಿಸುತ್ತವೆ. ಆ ಅಂಗಿಯನ್ನು ನಾನು ತೊಟ್ಟಾಗಲೂ ಮನೆಯಲ್ಲಿ ಯಾರೂ ಹೆದರಿದ್ದಿಲ್ಲ. ಊರವರದು ಬೇರೆಯೇ ಕಥೆ. ಮುಸ್ಸಂಜೆಯಲ್ಲಿ "ಏನ್ ಯಜಮಾನ್ರೇ, ನೀರು ಕಟ್ಟಿದ್ರಾ?" ಎಂದು ಅವನನ್ನು ಮಾತಾಡಿಸಿ, ಉತ್ತರ ಬರಲಿಲ್ಲವೆಂದು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ.

2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೇಬೀಡಿಗೆ ಬಂದವರು ನಮ್ಮೂರಿನ ಹೊಯ್ಸಳರ ಕಲ್ಯಾಣಿಯನ್ನೂ ನೋಡಿ ಹೋಗಿ. ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ. ದಾರಿ ಕೇಳಿದಾಗ ಗೀಟಿನ ಅಂಗಿಯವರು ಸುಮ್ಮನಿದ್ದರೆ ಬೇಸರ ಬೇಡ, ಬದುವಿನ ಮೇಲೆ ಬನಿಯನ್ನಿನಲ್ಲಿ ಕೂತಿರುವವರನ್ನು ಕೇಳಿ.