ಉಭಯತಾಲ್ಲೂಕು ಬೀಗಶಾಸ್ತ್ರ: ಒಂದು ಸಂಕ್ಷಿಪ್ತ ಮೀಮಾಂಸೆ

ನಂಜನಗೂಡಿನ ತೇರಿಗೂ ತಿರುಮಕೂಡಲು ನರಸೀಪುರದ ಗುಲಗಂಜಿಗೂ ಡೇಟಾಬೇಸಿಗೂ ಏನು ಸಂಬಂಧ ಎಂದು ಕೇಳುವ ಪಾಮರರು ಇನ್ನೂ ಇದ್ದಾರೆ. ಅವರ ಉದ್ಧಾರಾರ್ಥವಾಗಿ ಈ ಪ್ರಬಂಧ.

ವ್ಯಾಧಿನಿರೂಪಣೆ: ಮಂಡಿಯೊಂದರ ದಾಸ್ತಾನಿನಲ್ಲಿ 40 ಗೊನೆ ರಸಬಾಳೆ ಇದೆಯೆನ್ನಿ. ನಂಜನಗೂಡಿನ ಗುಮಾಸ್ತ ಕಂಪ್ಯೂಟರಿನಲ್ಲಿ 40 ನೋಡಿ, 10 ಮಾರಿ, 30 ಎಂದು ಬರೆದ. ಅಷ್ಟರೊಳಗೆ ತಾನೂ 40 ನೋಡಿಕೊಂಡಿದ್ದ ನರಸೀಪುರದ ಗುಮಾಸ್ತ, 5 ಮಾರಿ, ಅದರ ಮೇಲೆಯೇ 35 ಎಂದು ಬರೆದ. ಗೋದಾಮಿನಲ್ಲಿ 25, ಲೆಕ್ಕದಲ್ಲಿ 35! ಪ್ರಾಜ್ಞರು ಇದನ್ನು ‘ಲಾಸ್ಟ್ ಅಪ್‌ಡೇಟ್’ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಇದರ ಅತಿಪ್ರಾಚೀನ ನಿದರ್ಶನ ಕಪಿಲೆ. ನಂಜನಗೂಡನ್ನು ದಾಟಿ ನರಸೀಪುರದ ಸಂಗಮ ಮುಟ್ಟುವ ತನಕ ಹೆಸರಿದ್ದವಳು, ತಲಕಾಡಿಗೆ ಹೋಗುವಷ್ಟರಲ್ಲಿ ಬರೀ ಕಾವೇರಿ. ನೀರು ಉಳಿಯಿತು, ದಾಖಲೆ ಅಳಿಯಿತು.

ನಂಜನಗೂಡು ಪಂಥ: ಓದುವ ಮೊದಲೇ ಬೀಗ ಹಾಕತಕ್ಕದ್ದು, ಅದು ಬಿಚ್ಚುವವರೆಗೆ ಇನ್ನೊಬ್ಬ ಬರೆಯಕೂಡದು ಎಂಬುದು ಈ ಪಂಥದ ಮತ. ಇದರಲ್ಲೊಂದು ಗಂಡಾಂತರವಿದೆ. ಒಬ್ಬ ಗಿರಾಕಿಯ ಖಾತೆಗೆ ಬೀಗ ಹಾಕಿ ದಾಸ್ತಾನಿಗೆ ಕಾಯುತ್ತಾನೆ. ಇನ್ನೊಬ್ಬ ದಾಸ್ತಾನಿಗೆ ಬೀಗ ಹಾಕಿ ಗಿರಾಕಿಯ ಖಾತೆಗೆ ಕಾಯುತ್ತಾನೆ. ಯುಗ ಕಳೆದರೂ ಇಬ್ಬರೂ ಕದಲರು. ಇದೇ ಡೆಡ್‌ಲಾಕ್. ನಾಲ್ಕು ಲಕ್ಷಣಗಳು ಒಟ್ಟಿಗೆ ಕೂಡಿದರೆ ಮಾತ್ರ ಇದು ಸಂಭವಿಸುತ್ತದೆಂದು 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಪಂಡಿತರು ನಿರೂಪಿಸಿದರು. ಹೀಗೆ ಒಬ್ಬರಿಗಾಗಿ ಒಬ್ಬರು ಸುತ್ತುಗಟ್ಟಿ ಕಾಯುವುದು ಅವುಗಳಲ್ಲೊಂದು. ಅದನ್ನು ಮುರಿಯುವ ಉಪಾಯ ದೊಡ್ಡ ಜಾತ್ರೆಯ ರಥಬೀದಿಯಲ್ಲೇ ಇದೆ. ಐದು ತೇರು, ಒಂದೇ ಬೀದಿ. ಮೊದಲು ಗಣಪತಿ, ಆಮೇಲೆ ಶ್ರೀಕಂಠೇಶ್ವರ. ‘ಈ ಸಲ ನಾನು ಆ ಕಡೆಯಿಂದ ಬರುತ್ತೇನೆ’ ಎಂದು ಯಾವ ದೇವರೂ ಹಟ ಹಿಡಿಯುವುದಿಲ್ಲ. ಆದಕಾರಣ ಎಲ್ಲ ಪ್ರೋಗ್ರಾಮುಗಳೂ ಮೊದಲು ಗಿರಾಕಿ, ಆಮೇಲೆ ದಾಸ್ತಾನು ಎಂಬ ಒಂದೇ ಕ್ರಮದಲ್ಲಿ ಬೀಗ ಹಾಕತಕ್ಕದ್ದು.

ನರಸೀಪುರ ಪಂಥ: ಇವರು ಓದುವಾಗ ಬೀಗವನ್ನೇ ಹಾಕರು. ಗುಂಜಾ ನರಸಿಂಹಸ್ವಾಮಿಯ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬ ಪ್ರತೀತಿಯೇ ಇವರಿಗೆ ಪ್ರಮಾಣ. ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ. ಓದುವಾಗ ನೆನಪಿಟ್ಟುಕೊಂಡು ಬರೆಯುವಾಗ ಮತ್ತೆ ತೂಗಬೇಕು. ಗುಲಗಂಜಿಯಷ್ಟು ವ್ಯತ್ಯಾಸ ಕಂಡರೂ ಬರಹ ತಿರಸ್ಕೃತ. ಹೊಸದಾಗಿ ಓದಿಕೊಂಡು ಬರತಕ್ಕದ್ದು. ತೂಗುವುದೂ ಬರೆಯುವುದೂ ಒಂದೇ ಉಸಿರಿನಲ್ಲಿ ಆಗಬೇಕು. ನಡುವೆ ಸಂದು ಸಿಕ್ಕರೆ ಮತ್ತೊಬ್ಬ ನುಗ್ಗುತ್ತಾನೆ.

ನಿರ್ಣಯ: ನೂಕುನುಗ್ಗಲಿರುವ ದಾಖಲೆಗೆ ನಂಜನಗೂಡು ಮತ, ಡಿಕ್ಕಿ ಅಪರೂಪವಾದಲ್ಲಿ ನರಸೀಪುರ ಮತ. ಒಂದು ಗೊನೆಯ ಲೆಕ್ಕ ತಿದ್ದಲು ಇಡೀ ಟೇಬಲ್ಲಿಗೆ ಬೀಗ ಜಡಿಯುವವನು ಎರಡೂ ಪಂಥಗಳಿಂದ ಬಹಿಷ್ಕೃತ.

ಫಲಶ್ರುತಿ: ಇದನ್ನು ಓದಿದವರ ದಾಸ್ತಾನು ವರ್ಷಾಂತ್ಯಕ್ಕೆ ತಾಳೆಯಾಗುವುದು. ಆದರೆ ಖಾತೆ ತೆರೆದು, ಬೀಗ ಹಾಕಿ, ಕಾಫಿಗೆ ಎದ್ದುಹೋಗುವ ಗುಮಾಸ್ತನ ವಿಷಯದಲ್ಲಿ ಶಾಸ್ತ್ರವೂ ಮೂಕ. ಅಂಥವನ ಕೈಗೆ ಬೀಗ ಕೊಡಲೇಬೇಡಿ. ಅವನು ಸೇವ್ ಒತ್ತಿದ ಮೇಲೆ ಪ್ರೋಗ್ರಾಮೇ ಬೀಗ ಹಾಕಿ, ತೂಗಿ, ಬರೆದು, ಬಿಚ್ಚಲಿ.