‘ನಮ್ಮ ಕಡೇದೇ’ ಪಂಥದ ಗೆಳೆಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹೊರಟು ಬೆಂಗಳೂರಿನಲ್ಲಿ ನೆಲೆಸಿದ ಗೆಳೆಯರ ಬಳಗಗಳನ್ನು ಗಮನಿಸಿದವರಿಗೆ, ಪ್ರತಿ ಬಳಗದಲ್ಲೂ ತಪ್ಪದೆ ಒಬ್ಬನಂತೆ ಹಂಚಿಹೋಗಿರುವ ಒಂದು ವರ್ಗದ ಪರಿಚಯ ಇದ್ದೇ ಇರುತ್ತದೆ. ಹೊರಗಿನಿಂದ ಬಂದದ್ದೆಂದು ಹೇಳಲಾಗುವ ಯಾವ ವಸ್ತುವೂ ಹೊರಗಿನದಲ್ಲ, ಅದು ಮೊದಲು ತನ್ನ ಊರಿನ ಅಟ್ಟದ ಮೇಲಿದ್ದು, ಯಾರದೋ ಅಜಾಗರೂಕತೆಯಿಂದ ಪರದೇಶಕ್ಕೆ ಹೋಗಿ, ಈಗ ಜಿಎಸ್‌ಟಿ ಸಮೇತ ಹಿಂದಿರುಗಿದೆ ಎಂಬುದು ಈ ವರ್ಗದ ಮೂಲಸಿದ್ಧಾಂತ. ಆದ್ದರಿಂದ ಇವರನ್ನು ‘ನಮ್ಮ ಕಡೇದೇ’ ಪಂಥದವರು ಎಂದು ಕರೆಯುವುದು ಸೂಕ್ತ. ಚೀನೀ ಊಟದ ಮುಂದೆ ಈ ಪಂಥೀಯನು ಕಡ್ಡಿ ಹಿಡಿಯುವ ಕಷ್ಟದಲ್ಲಿ ಮೌನಿಯಾಗಿರುತ್ತಾನೆ, ಪಿಜ್ಜಾದ ಮುಂದೆ ಚೀಸಿನ ಎಳೆ ಬಾಯಿಯನ್ನು ಕಟ್ಟಿಹಾಕಿರುತ್ತದೆ; ಆದರೆ ಮೆಕ್ಸಿಕನ್ ಹೋಟೆಲಿನಲ್ಲಿ ರೊಟ್ಟಿ, ಕಾಳು, ಮೆಣಸಿನಕಾಯಿ ಮೂರೂ ಒಂದೇ ತಟ್ಟೆಯಲ್ಲಿ ಎದುರಾದಾಗ ಅವನ ಪ್ರತಿಭೆಗೆ ಅಡ್ಡಿಯೇ ಇರುವುದಿಲ್ಲ.

ಬೆಂಗಳೂರಿನಲ್ಲಿ ಈ ಊಟ ತಕ್ಕಮಟ್ಟಿಗೆ ಬಳಕೆಗೆ ಬಂದದ್ದು ಇತ್ತೀಚೆಗೆ. ಟಾಕೋ ಬೆಲ್ ಸಂಸ್ಥೆ ಭಾರತದ ತನ್ನ ಮೊದಲ ಮಳಿಗೆಯನ್ನು 2010ರಲ್ಲಿ ಮಲ್ಲೇಶ್ವರದ ಮಂತ್ರಿ ಮಾಲಿನಲ್ಲಿ ತೆರೆಯಿತು; ಕ್ಯಾಲಿಫೋರ್ನಿಯಾ ಬರಿಟೊ 2012ರಲ್ಲಿ ಇದೇ ನಗರದಲ್ಲಿ ಆರಂಭವಾಯಿತು. ಪಂಥೀಯನ ಲೆಕ್ಕದಲ್ಲಿ ಇವೆಲ್ಲ ಶಾಖೆಗಳು, ಪ್ರಧಾನ ಕಚೇರಿ ದೊಡ್ಡಗದ್ದವಳ್ಳಿಯಲ್ಲಿರುವ ಅವನ ಅಜ್ಜಿಯ ಅಡುಗೆಮನೆ.

ಅವನು ಮೆನು ಓದುವುದಿಲ್ಲ. ಪಕ್ಕದ ಮೇಜಿಗೆ ಹೋಗುವ ತಟ್ಟೆಗಳನ್ನು ನೋಡಿ, ಸಂತೆಯಲ್ಲಿ ಕಳೆದುಹೋದ ತನ್ನ ದನವನ್ನು ಗುರುತಿಸುವವನಂತೆ ಒಂದೊಂದನ್ನೇ ಗುರುತಿಸುತ್ತಾನೆ. ಟೋರ್ಟಿಯಾ, ಅಂದರೆ ಮುಸುಕಿನ ಜೋಳದ ಹಿಟ್ಟಿನ ತೆಳು ರೊಟ್ಟಿ, ಬಂದಾಗ “ಅಕ್ಕಿ ರೊಟ್ಟಿ ಕಣ್ರೋ, ತಟ್ಟಕ್ಕೆ ಬರ್ದೆ ಸಣ್ಣದಾಗೈತೆ” ಎನ್ನುತ್ತಾನೆ. ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿಗಳನ್ನು ಕೊಚ್ಚಿದ ಸಾಲ್ಸಾ ಅವನಿಗೆ ಉಪ್ಸಾರಿನ ಖಾರದ ಬಡ ಸಂಬಂಧಿ. ಬೆಣ್ಣೆಹಣ್ಣನ್ನು ಕಿವುಚಿ ನಿಂಬೆರಸ ಹಿಂಡಿದ ಗ್ವಾಕಮೋಲೆ, ಒಗ್ಗರಣೆ ಹಾಕಲು ಮರೆತ ಚಟ್ನಿ. ಅದನ್ನು ಅರೆಯಲು ಮೆಕ್ಸಿಕೋದವರು ಮೂರು ಕಾಲಿನ ಕಪ್ಪು ಕಲ್ಲಿನ ಒರಳನ್ನು ಬಳಸುತ್ತಾರೆಂದು ಮಾಣಿ ತಿಳಿಸಿದರೆ ಅವನ ಕಣ್ಣು ತುಂಬಿಬರುತ್ತದೆ, ಏಕೆಂದರೆ ಅಜ್ಜಿಯ ಒರಳನ್ನು ಮನೆ ಕಟ್ಟಿಸುವಾಗ ಗುಜರಿಯವನಿಗೆ ಕೊಟ್ಟದ್ದು ಅವನೇ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ, ಸಿಪ್ಪೆ ಬಿಡಿಸಿ ಅರೆಯುವ ನಿಕ್ಸ್ಟಮಲ್ ವಿಧಾನದ ವಿಷಯ ಬಂದಾಗ ಮಾತ್ರ ಅವನು ಕ್ಷಣಕಾಲ ತಡವರಿಸುತ್ತಾನೆ. ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಈ ಸುಣ್ಣದ ಸಂಸ್ಕಾರದಿಂದಲೇ, ಅದನ್ನು ಕಲಿಯದೆ ಬರಿ ಜೋಳ ತಿಂದು ಬದುಕಿದ ಯೂರೋಪಿನ ಬಡವರು ಪೆಲ್ಲಾಗ್ರಾ ರೋಗಕ್ಕೆ ತುತ್ತಾದರು ಎಂದು ಗುಂಪಿನ ಅರಕಲಗೂಡಿನ ಸಸ್ಯಶಾಸ್ತ್ರದ ಮೇಷ್ಟ್ರು ವಿವರಿಸುವಷ್ಟರಲ್ಲಿ ಇವನು ಚೇತರಿಸಿಕೊಂಡು, ಎಲೆಅಡಿಕೆಗೆ ಸುಣ್ಣ ಹಚ್ಚುವುದನ್ನು ಪ್ರಪಂಚಕ್ಕೆ ಕಲಿಸಿದವರು ಯಾರು ಎಂದು ಕೇಳಿಬಿಡುತ್ತಾನೆ. ಇಷ್ಟೆಲ್ಲದರ ನಡುವೆ ತೆಂಗಿನಕಾಯಿಯ ಪ್ರಸ್ತಾಪವೇ ಬರಲಿಲ್ಲವೆಂದು ಚನ್ನರಾಯಪಟ್ಟಣದವನು ಮುನಿಸಿಕೊಂಡು ಕೂತಿರುತ್ತಾನೆ.

ಪಂಥೀಯನ ದೋಷ ಹೋಲಿಕೆಯಲ್ಲಿಲ್ಲ, ದಿಕ್ಕಿನಲ್ಲಿದೆ. ಮೆಣಸಿನಕಾಯಿ, ಟೊಮೆಟೊ, ಬೆಣ್ಣೆಹಣ್ಣು, ಮುಸುಕಿನ ಜೋಳ ಎಲ್ಲವೂ ಅಮೆರಿಕ ಖಂಡದವು. ಕೊಲಂಬಸ್ 1492ರಲ್ಲಿ ಅತ್ತ ಹೋದಮೇಲೆ, ಪೋರ್ಚುಗೀಸರಂಥವರ ಹಡಗುಗಳ ಮೂಲಕ ಇತ್ತ ಬಂದವು. ದಕ್ಷಿಣ ಮೆಕ್ಸಿಕೋದ ರೈತರು ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಜೋಳವಾಗಿಸಿದ್ದು ಸುಮಾರು 9,000 ವರ್ಷಗಳ ಹಿಂದೆ. ಪಂಥೀಯನ ತಂದೆಯಾದರೋ ಜಲಂಧರದ ಬಿತ್ತನೆ ಆಲೂಗಡ್ಡೆಗಾಗಿ ಹಾಸನದ ಎಪಿಎಂಸಿಯಲ್ಲಿ ಸರದಿ ನಿಂತು, ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡು, ಕೊನೆಗೆ ಆ ಹೊಲಕ್ಕೆ ಮುಸುಕಿನ ಜೋಳ ಹಾಕಿದವರು, ಅಂದರೆ ಪೆರುವಿನ ಕಡೆಯ ಗಡ್ಡೆಯಿಂದ ಮೆಕ್ಸಿಕೋದ ತೆನೆಗೆ ಹೊರಳಿದವರು. ಬರಿಟೊ ಎಂಬ ರೊಟ್ಟಿಸುರುಳಿಯೊಳಗಿನ ಕಾಳನ್ನು ಅವನು ಅವರೆಕಾಳೆಂದೇ ಸಾಧಿಸುತ್ತಾನೆ. ಅದು ರಾಜ್ಮಾ ಜಾತಿಯದು, ಮೆಕ್ಸಿಕೋದ್ದೇ. ನಮ್ಮದೆಂದು ಧೈರ್ಯವಾಗಿ ಹೇಳಿಕೊಳ್ಳಬಹುದಾದ ಸೊಗಡಿನ ಅವರೆಯೊಂದೇ ಆ ತಟ್ಟೆಯಲ್ಲಿಲ್ಲ.

ಈ ಇತಿಹಾಸವನ್ನು ಮುಂದಿಟ್ಟಾಗ ಪಂಥೀಯನು ಹೊಯ್ಸಳರನ್ನು ಕರೆತರುತ್ತಾನೆ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ದೊಡ್ಡಗದ್ದವಳ್ಳಿಯ ಕೆರೆಯಂಚಿನಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯವನ್ನು ಕಟ್ಟಿಸಿದರು. ಕಟ್ಟಿಸಿದವನು ವರ್ತಕ, ವರ್ತಕನೆಂದ ಮೇಲೆ ರಫ್ತು ಇದ್ದೇ ಇರಬೇಕು, ರಫ್ತಾದದ್ದು ಜೋಳವಲ್ಲದೆ ಇನ್ನೇನು ಎಂಬುದು ಅವನ ವಾದಸರಣಿ. ಶಿಲಾಸಾಕ್ಷಿಗಾಗಿ ಅವನು ಸೋಮನಾಥಪುರದವರೆಗೆ ಹೋಗಬೇಕಾಗುತ್ತದೆ, ಆದರೆ ಹೊಯ್ಸಳರದೆಂದ ಮೇಲೆ ಅದು ಹಾಸನ ಜಿಲ್ಲೆಯದೇ ಎಂದು ಮೈಸೂರಿನವರ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳುತ್ತಾನೆ. ಅಲ್ಲಿಯ ವಿಗ್ರಹಗಳ ಕೈಯಲ್ಲಿರುವ, ಸಾಲುಸಾಲು ಕಾಳಿನಂಥ ಉಬ್ಬುಗಳ ವಸ್ತು ಜೋಳದ ತೆನೆಯೆಂದು ಯೋಹಾನೆಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲಿ ವಾದಿಸಿದ್ದು ನಿಜವಾದ್ದರಿಂದ, ಈ ಘಟ್ಟದಲ್ಲಿ ಅವನ ಧ್ವನಿ ಇಡೀ ಹೋಟೆಲಿಗೆ ಕೇಳುವಂತಾಗುತ್ತದೆ. ಮೇಷ್ಟ್ರು ಬಿಡುವವರಲ್ಲ: ಪಾಯಕ್ ಮತ್ತು ಸಚಾನ್ ಎಂಬ ಭಾರತೀಯ ಜೋಳತಜ್ಞರು 1993ರಲ್ಲಿ ಆ ವಾದವನ್ನು ಅಲ್ಲಗಳೆದರು, ಕೈಯಲ್ಲಿರುವುದು ತೆನೆಯಲ್ಲ, ಮುತ್ತುಗಳಿಂದಾದ ಕಲ್ಪಿತ ಹಣ್ಣು, ಮುಕ್ತಾಫಲ ಎಂದರು ಎಂದು ಅವರು ಸಾವಧಾನವಾಗಿ ಹೇಳುತ್ತಾರೆ. ಹೊಳೆನರಸೀಪುರದವನು ಇನ್ನು ಊಟ ಮುಂದುವರಿಯಬಹುದೆಂದು ಟಾಕೋ ಎತ್ತಿಕೊಳ್ಳುತ್ತಾನೆ.

ಪಂಥೀಯನು ಸ್ವಲ್ಪ ಹೊತ್ತು ಯೋಚಿಸಿ, ಮೇಷ್ಟ್ರ ತಟ್ಟೆಯಿಂದ ಒಂದು ಚಿಪ್ಸು ತೆಗೆದು ಸಾಲ್ಸಾದಲ್ಲಿ ಅದ್ದಿ, ಬಿಲ್ಲು ತಂದ ಮಾಣಿಯನ್ನೇ ತಡೆದು ನಿಲ್ಲಿಸಿ ಕೇಳುತ್ತಾನೆ: “ಅದ್ಸರಿ, ನಿಮ್ಮ ಮೆಕ್ಸಿಕೋದಲ್ಲಿ ಮುಕ್ತಾಫಲ ಸಿಗ್ತದಾ?”